ಸಾಂಸ್ಕೃತಿಕ ಮಾನವಶಾಸ್ತ್ರದ ಮೊದಲ ಪಾಠ: ವಿಮಾನಪುರದ ನಿದರ್ಶನ

ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರಿನ ಕಡೆಯಿಂದ ಮಾರತ್ತಹಳ್ಳಿಗೆ ಹೋಗುವ ಹಾದಿಯಲ್ಲಿ, ವಿಮಾನಪುರವೆಂಬ ಊರೊಂದುಂಟು. ೧೯೪೦ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ವಾಲ್‌ಚಂದ್ ಹೀರಾಚಂದರೆಂಬ ಉದ್ಯಮಿಗಳು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಸುತ್ತ ಈ ಊರು ಬೆಳೆಯಿತು. ಆ ಸಂಸ್ಥೆಯೇ ೧೯೬೪ರಿಂದ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ಹೊತ್ತಿರುವುದು. ಊರಿನ ವಯಸ್ಸು ನೂರು ವರ್ಷಗಳನ್ನು ಇನ್ನೂ ಮುಟ್ಟಿಲ್ಲವಾದರೂ ಅದರ ಹೆಸರಿನ ವಯಸ್ಸು ಬಹಳ ದೊಡ್ಡದು. ವಿಮಾನವೆಂದರೆ ನಮ್ಮ ಶಿಲ್ಪಿಗಳ ಮಾತಿನಲ್ಲಿ ಗರ್ಭಗೃಹದ ಮೇಲೆ ಎದ್ದುನಿಂತ ಕಟ್ಟಡ. ಪುರಾಣಿಕರ ಮಾತಿನಲ್ಲಿ ಪುಷ್ಪಕ. ವೀರಕಲ್ಲಿನ ನಡುವಣ ಪಟ್ಟಿಕೆಯಲ್ಲಿ ಮಡಿದ ವೀರನನ್ನು ದೇವಗಣಿಕೆಯರು ಸ್ವರ್ಗಕ್ಕೆ ಕೊಂಡೊಯ್ಯುವ ವಾಹನವೂ ಅದೇ. ಇನ್ನು 'ಪುರ'ವೆಂಬುದು ಅರಸರೂ ಸಾಮಂತರೂ ತಾವು ಕಟ್ಟಿಸಿದ ಊರುಗಳಿಗೆ ಇಡುತ್ತಿದ್ದ ಉಪಾಂತ್ಯ. ಅನತಿದೂರದ ಕೃಷ್ಣರಾಜಪುರವು ಇದಕ್ಕೆ ಸಾಕ್ಷಿ. ಯಂತ್ರಶಾಲೆಯೊಂದು ತನ್ನ ಊರಿಗೆ ಹೆಸರಿಡಬೇಕಾಗಿ ಬಂದಾಗ ಹಿಂದಿನ ಅಗ್ರಹಾರಗಳ ನಾಮಕರಣದ ಕ್ರಮವನ್ನೇ ಅನುಸರಿಸಿತೆಂಬುದು ಸಣ್ಣ ಸಂಗತಿಯಲ್ಲ.

ಸುತ್ತಣ ಹೆಸರುಗಳನ್ನು ನೋಡಿದರೆ ಇನ್ನೂ ಕುತೂಹಲ ಹುಟ್ಟುವುದು. ಕೋಡಿಹಳ್ಳಿಯೆಂಬಲ್ಲಿ 'ಕೋಡಿ' ಎಂದರೆ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ದಾರಿ. ಕೆರೆ ಕಾಣದಿದ್ದರೂ ಹೆಸರು ಅದನ್ನು ನೆನೆಯುತ್ತಿದೆ. ಕೋನೇನ ಅಗ್ರಹಾರದಲ್ಲಿ ಬ್ರಹ್ಮದಾಯದ ಸ್ಮರಣೆಯಿದೆ. ಮುರುಗೇಶಪಾಳ್ಯದಲ್ಲಿ ತಮಿಳು ದೈವದ ಹೆಸರಿದೆ. ಜೀವವಿಮಾ ನಿಗಮದ ವಸತಿಗಳಿಂದ ಹೆಸರು ಪಡೆದ 'ಜೀವನ್ ಬೀಮಾ ನಗರ'ವು ಅಂಗಡಿಗಳ ಫಲಕಗಳಲ್ಲಿಯೂ ಜನರ ಬಾಯಲ್ಲಿಯೂ 'ಜೀವನ್ ಭೀಮಾ ನಗರ'ವಾಗಿ, ವಿಮೆಯ ಸ್ಥಾನದಲ್ಲಿ ಪಾಂಡವರ ಮಧ್ಯಮನು ಬಂದು ಕುಳಿತಿರುವನು! ಇದನ್ನು ಕಾಗುಣಿತದ ತಪ್ಪೆಂದು ತಿದ್ದಿ ಮುಂದಕ್ಕೆ ಹೋಗುವುದು ಭಾಷಾಪಾಠದ ಉಪಾಧ್ಯಾಯನ ರೂಢಿ. ಅಪರಿಚಿತವಾದ ಪದವೊಂದು ಜನರ ಕೈಗೆ ಬಂದಾಗ ಅವರು ಅದನ್ನು ತಮಗೆ ಪರಿಚಿತವಾದ ಯಾವ ಪ್ರಪಂಚದೊಳಗೆ ಇಟ್ಟುಕೊಂಡರು ಎಂದು ನಿಂತು ಕೇಳುವುದು ಮಾನವಶಾಸ್ತ್ರಜ್ಞನ ರೂಢಿ.

ನಮ್ಮ ವಿಶ್ವವಿದ್ಯಾನಿಲಯಗಳ ತರುಣರಿಗೆ ಸಾಂಸ್ಕೃತಿಕ ಮಾನವಶಾಸ್ತ್ರವನ್ನು ಪರಿಚಯಮಾಡಿಕೊಡುವಾಗ ಇಂಥ ಊರಿನಿಂದಲೇ ಆರಂಭಿಸುವುದು ಯುಕ್ತವೆಂಬುದು ಈ ಲೇಖನದ ಅಭಿಪ್ರಾಯ. ಆ ಶಾಸ್ತ್ರದ ಹೆಸರನ್ನು ಕೇಳಿದೊಡನೆ ವಿದ್ಯಾರ್ಥಿಯು ಸೋಲಿಗರನ್ನೂ ಜೇನುಕುರುಬರನ್ನೂ ನೆನೆಯುವನೇ ಹೊರತು ತನ್ನ ಬೀದಿಯನ್ನು ನೆನೆಯುವುದಿಲ್ಲ. ಕಾಡಿನ ಜನರಿಗೆ 'ಆಚಾರ'ಗಳಿರುವುವು, ತನಗೆ ಇರುವುದು ಬರಿಯ 'ಜೀವನ' ಎಂದು ಅವನು ತಿಳಿದಿರುವನು. ಈ ತಿಳಿವಳಿಕೆಯನ್ನು ಮೊದಲ ತಿಂಗಳಿನಲ್ಲಿ ಕದಲಿಸದಿದ್ದರೆ ಮುಂದೆ ಓದುವುದೆಲ್ಲವೂ ವಿಚಿತ್ರ ಸಂಗ್ರಹವಾಗಿ ಪರಿಣಮಿಸುವುದು.

ಮೊದಲನೆಯ ತೊಡಕು ನಮ್ಮ ಭಾಷೆಯಲ್ಲಿಯೇ ಇದೆ. 'ಸಂಸ್ಕೃತಿ'ಯೆಂಬ ಪದದಲ್ಲಿ 'ಸಂಸ್ಕಾರ'ದ ವಾಸನೆ ಗಾಢವಾಗಿರುವುದು. ಒರಟನ್ನು ನಯಗೊಳಿಸಿದ್ದು, ಕಚ್ಚಾ ವಸ್ತುವನ್ನು ಪಾಕಕ್ಕೆ ತಂದದ್ದು ಎಂಬ ಅರ್ಥವು ಅದನ್ನು ಬಿಟ್ಟುಹೋಗುವುದಿಲ್ಲ. ಆದಕಾರಣ 'ಸುಸಂಸ್ಕೃತ ಮನೆತನ', 'ಸಂಸ್ಕೃತಿಯಿಲ್ಲದ ನಡತೆ' ಮುಂತಾದ ಮಾತುಗಳು ನಮಗೆ ಸಹಜವಾಗಿ ಬರುವುವು. ೧೮೭೧ರಲ್ಲಿ ಎಡ್ವರ್ಡ್ ಟೈಲರ್ ಎಂಬ ಆಂಗ್ಲ ಪಂಡಿತನು ಈ ಶಾಸ್ತ್ರಕ್ಕಾಗಿ ಮಾಡಿದ ಲಕ್ಷಣದಲ್ಲಿ ನಯಗಾರಿಕೆಗೆ ಸ್ಥಳವೇ ಇಲ್ಲ. ಮನುಷ್ಯನು ಸಮಾಜದ ಅಂಗವಾಗಿದ್ದು ಕಲಿತುಕೊಳ್ಳುವ ಅರಿವು, ನಂಬಿಕೆ, ಕಲೆ, ನೀತಿ, ಕಟ್ಟಳೆ, ರೂಢಿ ಇವೆಲ್ಲವೂ ಕೂಡಿ ಅವನ ಸಂಸ್ಕೃತಿ. ಇಲ್ಲಿ 'ಕಲಿತುಕೊಳ್ಳುವ' ಎಂಬುದೇ ಪ್ರಾಣಪದ. ಹಸಿವು ಹುಟ್ಟಿನಿಂದ ಬರುವುದು. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದು ಕಲಿತದ್ದರಿಂದ ಬರುವುದು. ಈ ಲಕ್ಷಣದ ಪ್ರಕಾರ ಸಂಸ್ಕೃತಿಯಿಲ್ಲದ ಮನುಷ್ಯನು ಇರಲಾರನು. ಒಬ್ಬನಿಗೆ ಹೆಚ್ಚು, ಮತ್ತೊಬ್ಬನಿಗೆ ಕಡಿಮೆ ಎಂದು ಅಳೆಯುವುದಕ್ಕೂ ಬರುವುದಿಲ್ಲ. ಟೈಲರನು ತಾನೇ ಈ ನಿಯಮವನ್ನು ಪಾಲಿಸಲಿಲ್ಲ, ಜನಾಂಗಗಳನ್ನು ಮೆಟ್ಟಲು ಮೆಟ್ಟಲಾಗಿ ಏರಿಸಿ ನಿಲ್ಲಿಸಿದನು ಎಂಬುದು ಬೇರೆ ಮಾತು. ಸಾಹಿತ್ಯದ ಉಪಾಧ್ಯಾಯರು ಈ ಪದದ ಎರಡು ಅರ್ಥಗಳನ್ನೂ ಪ್ರತಿದಿನ ಬಳಸುವವರಾದುದರಿಂದ, ಯಾವ ವಾಕ್ಯದಲ್ಲಿ ಯಾವುದನ್ನು ಹೇಳುತ್ತಿರುವೆವೆಂದು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸುವ ಹೊಣೆ ಅವರ ಮೇಲೆ ಹೆಚ್ಚಾಗಿಯೇ ಬೀಳುವುದು.

ಎರಡನೆಯ ತೊಡಕು ಈ ಶಾಸ್ತ್ರವು ನಮ್ಮ ನಾಡಿಗೆ ಬಂದ ರೀತಿಯಿಂದ ಹುಟ್ಟಿದುದು. ೧೮೦೦ರಲ್ಲಿ, ಟಿಪ್ಪುಸುಲ್ತಾನನ ಪತನದ ಮರುವರ್ಷವೇ, ಫ್ರಾನ್ಸಿಸ್ ಬುಕಾನನ್ನನು ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿ, ಬೆಳೆ, ಮಗ್ಗ, ಜಾತಿ, ಆಚಾರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದುಕೊಂಡನು. ಬಳಿಕ ಜನಗಣತಿಗಳು ಬಂದುವು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮೈಸೂರು ಸಂಸ್ಥಾನದ ಜನಾಂಗಸಮೀಕ್ಷೆಯ ಭಾರವನ್ನು ಹೊತ್ತವರು ಎಚ್. ವಿ. ನಂಜುಂಡಯ್ಯನವರು, ೧೯೧೫ರಲ್ಲಿ ಸ್ಥಾಪಿತವಾದ ನಮ್ಮ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದೇ ಇದೆ. ಜಾತಿಯೊಂದೊಂದಕ್ಕೂ ಒಂದೊಂದು ಚಿಕ್ಕ ಪುಸ್ತಕದಂತೆ ಅವರು ಪ್ರಕಟಿಸುತ್ತ ಬಂದರು. ೧೯೨೦ರಲ್ಲಿ ಅವರು ಗತಿಸಿದ ತರುವಾಯ ಆ ಸಾಮಗ್ರಿಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರವರು ವಿಸ್ತರಿಸಿ, ೧೯೨೮ರಿಂದ ೧೯೩೫ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಆ ಸಂಪುಟಗಳ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಇಂದು ಮರೆತುಹೋಗಿರುವ ಎಷ್ಟೋ ಬೆಡಗುಗಳು, ಮದುವೆಯ ಕಟ್ಟಳೆಗಳು, ಕುಲದೇವತೆಗಳ ಹೆಸರುಗಳು ಅವುಗಳಲ್ಲಿ ಉಳಿದಿವೆ.

ಆದರೆ ಅವುಗಳ ಕ್ರಮವನ್ನು ಗಮನಿಸಬೇಕು. ಜಾತಿಯ ಹೆಸರು, ಹೆಸರಿನ ವ್ಯುತ್ಪತ್ತಿ, ಮೂಲಕಥೆ, ಒಳಪಂಗಡಗಳು, ಹುಟ್ಟು, ಮದುವೆ, ಸಾವು, ದೇವರು, ಕಸಬು, ಆಹಾರ: ಎಲ್ಲ ಜಾತಿಗಳಿಗೂ ಇದೇ ಶೀರ್ಷಿಕೆಗಳು, ಇದೇ ಅನುಕ್ರಮ. ಒಂದು ಜಾತಿಯವರು ಮತ್ತೊಂದು ಜಾತಿಯವರೊಡನೆ ಒಂದೇ ಊರಿನಲ್ಲಿ ಹೇಗೆ ಬಾಳಿದರು, ಯಾರು ಯಾರಿಗೆ ಸಾಲಗಾರರು, ಯಾರು ಯಾರ ಹೊಲದಲ್ಲಿ ಕುಯಿಲಿಗೆ ಹೋದರು ಎಂಬ ಪ್ರಶ್ನೆಗೆ ಈ ಶೀರ್ಷಿಕೆಗಳ ನಡುವೆ ಎಡೆಯಿಲ್ಲ. ಮೇಲಾಗಿ ಪಟ್ಟಿಯು ಪುಸ್ತಕದಲ್ಲಿಯೇ ಉಳಿಯುವುದಿಲ್ಲ. ೧೯೧೮ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಕಾಲದಿಂದ ಇಲ್ಲಿಯವರೆಗೆ ನಮ್ಮ ನಾಡಿನಲ್ಲಿ ಜಾತಿಯ ಹೆಸರನ್ನು ಬರೆಯುವುದೆಂದರೆ ಒಬ್ಬನ ಮಕ್ಕಳ ಓದು, ಉದ್ಯೋಗಗಳನ್ನು ಮುಟ್ಟುವ ಕಾರ್ಯವಾಗಿರುವುದು. ೨೦೧೫ರಲ್ಲಿಯೂ ೨೦೨೫ರಲ್ಲಿಯೂ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಳಲ್ಲಿ ಮನೆಮನೆಗೆ ಹೋದವರಲ್ಲಿ ಬಹುಮಂದಿ ಶಾಲೆಗಳ ಉಪಾಧ್ಯಾಯರೇ. ನ್ಯಾಯವಾದ ಹಂಚಿಕೆಗೆ ಪಟ್ಟಿಗಳು ಬೇಕು. ಅವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗಣತಿಯ ಹಾಳೆಯನ್ನು ತುಂಬಿದವನು ಸಂಸ್ಕೃತಿಯನ್ನು ಅರಿತೆನೆಂದು ಭಾವಿಸಬಾರದೆಂಬುದಿಷ್ಟೇ ನಮ್ಮ ಮಾತು. ಕಾಲೇಜುಗಳಲ್ಲಿ ಈಗ 'ಕ್ಷೇತ್ರಕಾರ್ಯ'ವೆಂದು ನಡೆಯುವುದು ಬಹುಮಟ್ಟಿಗೆ ಆ ಹಾಳೆಯ ಅನುಕರಣವೇ: ಐವತ್ತು ಪ್ರಶ್ನೆ, ಐವತ್ತು ಮನೆ, ಎರಡು ಮಧ್ಯಾಹ್ನ.

ಪಟ್ಟಿಯಿಂದ ಬಾಳಿನ ಕಡೆಗೆ ಈ ಶಾಸ್ತ್ರವು ತಿರುಗಿದ ಕಥೆಯಲ್ಲಿ ಮುಖ್ಯವಾದ ಹೆಸರು ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಅವನು ಪೆಸಿಫಿಕ್ ಸಮುದ್ರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿ, ಅಲ್ಲಿಯವರ ಭಾಷೆಯನ್ನು ಕಲಿತು, ಅವರ ದಿನಚರಿಯ ನಡುವೆಯೇ ಬಾಳಿ, ೧೯೨೨ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ನಮ್ಮ ನಾಡಿನಲ್ಲಿ ಈ ತಿರುವು ಒಬ್ಬರೇ ವಿದ್ವಾಂಸರ ಜೀವನದಲ್ಲಿ ಕಾಣಸಿಗುವುದು. ಮೈಸೂರಿನಲ್ಲಿ ೧೯೧೬ರಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ ೧೯೪೨ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬಗಳನ್ನು ಕುರಿತು ಬರೆದ ಮೊದಲ ಪುಸ್ತಕವು ಬಹುಮಟ್ಟಿಗೆ ಹಳೆಯ ಕ್ರಮದ್ದು. ಆಕ್ಸ್‌ಫರ್ಡಿನಲ್ಲಿ ರಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಎಂಬವರ ಬಳಿ ಓದಿ ಬಂದ ಮೇಲೆ, ೧೯೪೮ರಲ್ಲಿ, ಅವರು ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನೆಲಸಿದರು. ಗ್ರಂಥದಲ್ಲಿ ಅದಕ್ಕೆ ಕೊಟ್ಟ ಹೆಸರು ರಾಮಪುರ. 'ಸಂಸ್ಕೃತೀಕರಣ', 'ಪ್ರಬಲ ಜಾತಿ' ಎಂಬ ಇವರ ಪರಿಭಾಷೆಗಳು ಇಂದು ವೃತ್ತಪತ್ರಿಕೆಗಳ ಮಾತಾಗಿ ಹೋಗಿವೆ. ೧೯೭೦ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಇಟ್ಟ ಬೆಂಕಿಯಲ್ಲಿ, ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದುವು. ಆಗ ಅವರು ನೆನಪನ್ನೇ ಮುಖ್ಯ ಆಧಾರವಾಗಿ ಹಿಡಿದು ಬರೆದ ಗ್ರಂಥವು ೧೯೭೬ರಲ್ಲಿ ಹೊರಬಂದಿತು. ಸಾಹಿತ್ಯದ ವಿದ್ಯಾರ್ಥಿಗೆ ಈ ಶಾಸ್ತ್ರದಲ್ಲಿ ಒಂದೇ ಪುಸ್ತಕವನ್ನು ಕೊಡಬೇಕಾದರೆ ನಾವು ಇದನ್ನೇ ಕೊಡುವೆವು. ಪಟ್ಟಿಯು ಸುಟ್ಟುಹೋದ ಮೇಲೆ ಉಳಿದದ್ದೇನೆಂಬುದನ್ನು ಅದು ತೋರಿಸುತ್ತದೆ: ಪಟೇಲನ ಗತ್ತು, ಜಗಳಗಳ ಕಾರಣ, ಹಾಸ್ಯದ ರೀತಿ, ನೀರು ಬಂದಾಗಿನ ಅವಸರ.

ಆ ಗ್ರಂಥದ ಕೊರತೆಯನ್ನೂ ಅದರ ಗುಣದೊಡನೆಯೇ ಕಲಿಸಬೇಕು. ಶ್ರೀನಿವಾಸರು ಬಿಡಾರ ಮಾಡಿದ್ದುದು ಊರಿನ ಮುಖ್ಯಸ್ಥನಿಗೆ ಸೇರಿದ ಮನೆಯಲ್ಲಿ. ಊರವರು ಅವರನ್ನು ಬ್ರಾಹ್ಮಣರೆಂದೇ ಕಂಡು, ಬ್ರಾಹ್ಮಣರಂತೆಯೇ ನಡೆಯಬೇಕೆಂದು ಬಯಸಿದರು. ಹೊಲಗೇರಿಯ ಕಡೆಯಿಂದ ಅದೇ ಊರು ಹೇಗೆ ಕಾಣುತ್ತಿತ್ತೆಂಬುದು ಆ ಪುಸ್ತಕದಲ್ಲಿ ಮಂದವಾಗಿದೆ. ತಮ್ಮ ನೋಟದ ಈ ಮಿತಿಯನ್ನು ಅವರು ಮರೆಮಾಚಲಿಲ್ಲ. ನೋಡುವವನು ನಿಂತ ಸ್ಥಳವು ನೋಟದೊಳಕ್ಕೆ ಬಂದೇ ಬರುವುದೆಂಬುದನ್ನು ವಿದ್ಯಾರ್ಥಿಯು ಇಲ್ಲಿ ಕಲಿತಷ್ಟು ಸುಲಭವಾಗಿ ಸಿದ್ಧಾಂತಗ್ರಂಥಗಳಲ್ಲಿ ಕಲಿಯಲಾರನು.

ಊರಿನಲ್ಲಿ ನೆಲಸಿ ನೋಡುವುದರಿಂದ ದೊರೆಯುವ ಲಾಭವೇನೆಂದು ಕೇಳುವವರಿಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳ ಉದಾಹರಣೆ ಸಾಕು. ೧೯೫೪ರಿಂದ ೧೯೫೬ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ಅಲ್ಲಿ ಕೆಲಸಮಾಡಿ ೧೯೬೨ರಲ್ಲಿ ಗ್ರಂಥವನ್ನು ಪ್ರಕಟಿಸಿದಳು. ಊರುಗಳಿಗೆ ಅವಳು ಇಟ್ಟ ಹೆಸರುಗಳು ವಂಗಲ, ದಾಲೇನ. ವಂಗಲಕ್ಕೆ ನಾಲೆಯ ನೀರು ಬಂದಿತು, ಕಬ್ಬು ಬೆಳೆಯಿತು, ಹಣ ಬಂದಿತು. ದಾಲೇನದ ಭೂಮಿ ಎತ್ತರದಲ್ಲಿದ್ದುದರಿಂದ ಸುತ್ತಲೂ ನೀರು ಹರಿದರೂ ಅದು ಒಣಗಿಯೇ ಉಳಿಯಿತು. ಯಾವ ಊರು ಹೆಚ್ಚು ಬದಲಾಯಿತೆಂದು ತರಗತಿಯಲ್ಲಿ ಕೇಳಿದರೆ ಎಲ್ಲರೂ ವಂಗಲವೆಂದೇ ಹೇಳುವರು. ನಡೆದುದು ಅದಕ್ಕೆ ವಿರುದ್ಧ. ವಂಗಲದವರು ಹಣವಂತರಾದರೂ ಬೇಸಾಯಗಾರರಾಗಿಯೇ ಉಳಿದುದರಿಂದ ಒಕ್ಕಲಿಗನಿಗೂ ಅವನ ವಂಶಪಾರಂಪರ್ಯದ ಆಳಿಗೂ ಇದ್ದ ಹಳೆಯ ಸಂಬಂಧ, ಊರಿನ ಪಂಚಾಯಿತಿಯ ಅಧಿಕಾರ, ಹಬ್ಬಗಳ ಮರ್ಯಾದೆ ಎಲ್ಲವೂ ಬಹುಮಟ್ಟಿಗೆ ಮುಂದುವರಿದುವು. ದಾಲೇನದವರು ನೀರಿಲ್ಲದುದರಿಂದ ಊರ ಹೊರಗೆ ವ್ಯಾಪಾರವನ್ನೂ ನೌಕರಿಯನ್ನೂ ಅರಸಿಹೋದರು. ಹಳೆಯ ಕಟ್ಟುಗಳು ಸಡಿಲಿದುದು ಅಲ್ಲಿ. ಸಂಪತ್ತು ಬಂದರೆ ಸಂಪ್ರದಾಯ ಹೋಗುವುದೆಂಬ ಜನಜನಿತವಾದ ಸೂತ್ರವು ಇಪ್ಪತ್ತು ಮೈಲಿಗಳೊಳಗಿನ ಎರಡು ಊರುಗಳಲ್ಲಿಯೇ ಹೀಗೆ ಮುರಿದುಬಿದ್ದಿತು. ಇದೇ ಕಾಲದಲ್ಲಿ ಅಲನ್ ಬೀಲ್ಸ್ ಎಂಬ ಅಮೆರಿಕದ ಪಂಡಿತನು ಬೆಂಗಳೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ, 'ನಾಮಹಳ್ಳಿ'ಯೆಂದು ಹೆಸರಿಟ್ಟು, ನಗರದ ಸಮೀಪವು ಹಳ್ಳಿಯ ಬಾಳನ್ನು ಯಾವ ಯಾವ ಬಗೆಯಲ್ಲಿ ಎಳೆಯುವುದೆಂಬುದನ್ನು ಪರಿಶೀಲಿಸಿ ೧೯೫೫ರಲ್ಲಿ ಬರೆದನು.

ದಾಲೇನದವರಂತೆ ಹೊಲವನ್ನು ಬಿಟ್ಟು ಸಂಬಳದ ಕಡೆಗೆ ನಡೆದವರು ಬಂದು ಸೇರಿದ ಸ್ಥಳಗಳಲ್ಲೊಂದು ನಮ್ಮ ವಿಮಾನಪುರ. ಇಂಥವರನ್ನು ಕುರಿತು ಮಾರ್ಕ್ ಹೋಮ್‌ಸ್ಟ್ರಾಮ್ ಎಂಬ ಮಾನವಶಾಸ್ತ್ರಜ್ಞನು ಬೆಂಗಳೂರಿನ ಕಾರ್ಖಾನೆಗಳ ಕೆಲಸಗಾರರ ನಡುವೆ ಅಧ್ಯಯನ ನಡೆಸಿ ೧೯೭೬ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಕಾಯಮ್ಮಾದ ನೌಕರಿಯು ಕೋಟೆಯಂತೆ ಎಂಬುದು ಅಲ್ಲಿಯ ಪ್ರಸಿದ್ಧವಾದ ಉಪಮೆ: ಗೋಡೆಯ ಒಳಗೆ ಸೇರಿದವನಿಗೆ ಸಂಬಳ, ರಜೆ, ವೈದ್ಯ, ನಿವೃತ್ತಿಯ ಹಣ, ಹೊರಗೆ ಉಳಿದವನಿಗೆ ದಿನಗೂಲಿಯ ಅನಿಶ್ಚಯ. ೧೯೮೪ರ ಗ್ರಂಥದಲ್ಲಿ ಅವನೇ ಈ ಉಪಮೆಯನ್ನು ತಿದ್ದಿ, ಒಳಗು ಹೊರಗೆಂಬ ಒಂದೇ ಗೋಡೆಯಲ್ಲ, ಏರುತ್ತ ಜಾರುತ್ತ ಇರುವ ಇಳಿಜಾರು ಎಂದನು. ಒಂದೇ ಕಾರ್ಖಾನೆಯೊಳಗೆ ಕಾಯಂ ನೌಕರನೂ ಗುತ್ತಿಗೆಯ ಆಳೂ ಅಕ್ಕಪಕ್ಕದಲ್ಲಿ ದುಡಿಯುವ ಇಂದಿನ ದಿನಗಳಲ್ಲಿ ಎರಡನೆಯ ಉಪಮೆಯೇ ಹೆಚ್ಚು ಸಮಂಜಸವೆಂದು ನಮಗೆ ತೋರುತ್ತದೆ.

ಈಗ ಮೂರನೆಯ ತೊಡಕಿಗೆ ಬರೋಣ. ಎಲ್ಲಕ್ಕಿಂತ ಮೊಂಡಾದುದು ಇದು. ಮಹಾನವಮಿಯ ಸಮಯದಲ್ಲಿ ಬೆಂಗಳೂರಿನ ಕಾರ್ಖಾನೆಗಳಲ್ಲಿ ಆಯುಧಪೂಜೆ ನಡೆಯುವುದು. ಯಂತ್ರಗಳನ್ನು ಒರಸಿ ತೊಳೆದು, ವಿಭೂತಿ ಬಳಿದು, ಅರಿಸಿನ ಕುಂಕುಮವಿಟ್ಟು, ಹೂಮಾಲೆ ಹಾಕಿ, ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆದು, ಕಡಲೆಪುರಿ ಹಂಚುವರು. ಇದನ್ನು ವಿವರಿಸೆಂದರೆ ವಿದ್ಯಾರ್ಥಿಗಳಿಂದ ಎರಡೇ ಉತ್ತರಗಳು ಬರುವುವು. ಒಂದು ಪಕ್ಷದವರು ಇದು ಮೌಢ್ಯದ ಅವಶೇಷವೆನ್ನುವರು; ಇನ್ನೊಂದು ಪಕ್ಷದವರು ಹಿರಿಯರು ಇದರಲ್ಲಿ ಗೂಢವಾದ ವಿಜ್ಞಾನವನ್ನಿಟ್ಟಿರುವರೆನ್ನುವರು. ಪಕ್ಷಗಳು ವಿರುದ್ಧವಾಗಿ ಕಂಡರೂ ಇವುಗಳ ದೋಷ ಒಂದೇ: ಎರಡೂ ವಿಚಾರಣೆಯನ್ನು ಆರಂಭದಲ್ಲಿಯೇ ಮುಗಿಸಿಬಿಡುವುವು. ಅವಶೇಷವೆಂಬ ಕಲ್ಪನೆಯು ಟೈಲರನದೇ. ಹಿಂದಿನ ಕಾಲದ ಆಚಾರವು ಅರ್ಥವನ್ನು ಕಳೆದುಕೊಂಡು ಅಭ್ಯಾಸಬಲದಿಂದ ಉಳಿಯುವುದು ಎಂದು ಅವನ ಮತ. ಆದರೆ ೧೮೯೮ರಲ್ಲಿ ಬೆಂಗಳೂರಿಗೆ ಮಹಾಮಾರಿಯು ಬಂದಾಗ 'ಪ್ಲೇಗಮ್ಮ'ನೆಂಬ ದೇವತೆಗೆ ಗುಡಿಗಳಾದುವು. ಆಂಗ್ಲ ಹೆಸರಿನ ಆ ಅಮ್ಮನು ಯಾವ ಹಿಂದಿನ ಯುಗದ ಅವಶೇಷ? ವಿಮಾನದ ಬಿಡಿಭಾಗವನ್ನು ಕೊರೆಯುವ ಯಂತ್ರಕ್ಕೆ ಕುಂಕುಮವಿಡುವುದೂ ಅಷ್ಟೇ ಹೊಸದು. ಹೊಸತನ್ನು ಒಳಕ್ಕೆ ತೆಗೆದುಕೊಳ್ಳಲು ಜನರು ಬಳಸುವ ಜೀವಂತ ಕ್ರಮ ಅದು.

ಹಾಗಾದರೆ ಅದರ ಅರ್ಥವೇನು? ಮಾಲಿನೋವ್‌ಸ್ಕಿಯು ತನ್ನ ದ್ವೀಪವಾಸಿಗಳಲ್ಲಿ ಒಂದು ವಿಶೇಷವನ್ನು ಕಂಡಿದ್ದನು. ನಿಶ್ಚಲವಾದ ಹಿನ್ನೀರಿನಲ್ಲಿ ಮೀನು ಹಿಡಿಯಲು ಅವರು ಮಂತ್ರತಂತ್ರಗಳನ್ನು ಬಳಸುತ್ತಿರಲಿಲ್ಲ. ಅಪಾಯವೂ ಅನಿಶ್ಚಯವೂ ಇರುವ ತೆರೆದ ಕಡಲಿಗೆ ಹೋಗುವಾಗ ಬಳಸುತ್ತಿದ್ದರು. ಬೆರಳನ್ನು ಕತ್ತರಿಸಬಲ್ಲ ಯಂತ್ರಕ್ಕೂ, ರಸ್ತೆಯ ಮೇಲೆ ಉರುಳುವ ಲಾರಿಗೂ ಈ ಮಾತು ಒಪ್ಪುವುದು. ಆದರೆ ಅದೇ ಬೆಂಗಳೂರಿನ ಕಚೇರಿಗಳಲ್ಲಿ ಯಾರ ಬೆರಳನ್ನೂ ಕತ್ತರಿಸದ ಗಣಕಯಂತ್ರಕ್ಕೂ ಅದೇ ದಿನ ಅದೇ ಕುಂಕುಮ ಬೀಳುವುದಲ್ಲ! ಅಪಾಯದ ವಾದ ಇಲ್ಲಿ ಸಾಲದು. ಆಗ ವಿದ್ಯಾರ್ಥಿಯು ಊಹೆಯನ್ನು ಬಿಟ್ಟು ನೋಡುವುದಕ್ಕೆ ತೊಡಗಬೇಕು. ಯಂತ್ರವನ್ನು ಯಾರು ತೊಳೆಯುವರು? ವಂತಿಗೆಯ ಹಣವನ್ನು ಯಾರು ಕೂಡಿಸುವರು? ಕುಂಬಳಕಾಯಿಯನ್ನು ಒಡೆಯುವ ಕೈ ಯಾರದು? ದಿನವೂ ಮೇಲಿನ ಕೋಣೆಯಲ್ಲಿರುವ ಅಧಿಕಾರಿಯು ಆ ಹೊತ್ತು ಎಲ್ಲಿ ನಿಲ್ಲುವನು? ಮುಸಲ್ಮಾನ ಮತ್ತು ಕ್ರೈಸ್ತ ಸಹೋದ್ಯೋಗಿಗಳು ಯಾವ ಕೆಲಸವನ್ನು ವಹಿಸಿಕೊಳ್ಳುವರು, ಯಾವುದರಿಂದ ನಯವಾಗಿ ಹಿಂದೆಗೆಯುವರು? ಗುತ್ತಿಗೆಯ ಆಳಿಗೆ ಸಿಹಿಯ ಪೊಟ್ಟಣ ಸಿಗುವುದೋ ಇಲ್ಲವೋ? ಈ ಕಡೆಯ ಪ್ರಶ್ನೆಯೊಂದರ ಉತ್ತರದಿಂದ ಹೋಮ್‌ಸ್ಟ್ರಾಮನ ಎರಡು ಉಪಮೆಗಳಲ್ಲಿ ಯಾವುದು ಆ ಕಾರ್ಖಾನೆಗೆ ಸಲ್ಲುವುದೆಂದು ಹೇಳಬಹುದು. ಪೂಜೆಯ ಅರ್ಥವು ಪುರೋಹಿತನ ಪುಸ್ತಕದಲ್ಲಿಯೂ ಇರಬಹುದು. ಆದರೆ ಕಾರ್ಖಾನೆಯವರ ಅರ್ಥವು ಇಂಥ ಸಣ್ಣ ಸಂಗತಿಗಳ ಹೆಣಿಗೆಯಲ್ಲಿರುವುದು. ಸೆಪ್ಟೆಂಬರ್ ೮ರಂದು ಶಿವಾಜಿನಗರದಲ್ಲಿ ನಡೆಯುವ ಮೇರಿಮಾತೆಯ ತೇರನ್ನು ನೋಡಲು ಹೋದವನೂ ಇವೇ ಪ್ರಶ್ನೆಗಳನ್ನು ಜೊತೆಯಲ್ಲಿ ಕೊಂಡೊಯ್ಯಬಹುದು.

ಕಾರ್ಖಾನೆಯೊಳಕ್ಕೆ ಎಲ್ಲರಿಗೂ ಪ್ರವೇಶ ದೊರೆಯದು. ಆದುದರಿಂದ ಮೊದಲ ಅಭ್ಯಾಸಕ್ಕೆ ಎಲ್ಲರ ಮನೆಯಲ್ಲಿಯೂ ಸಿಗುವ ಸಾಮಗ್ರಿಯೊಂದನ್ನು ಸೂಚಿಸುವೆವು: ಬಂಧುವಾಚಕ ಪದಗಳು. ಕನ್ನಡದ ಉಪಾಧ್ಯಾಯರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ತಾಯಿಯ ಅಣ್ಣತಮ್ಮಂದಿರೂ ಹೆಂಡತಿಯ ತಂದೆಯೂ 'ಮಾವ'; ತಂದೆಯ ಅಕ್ಕತಂಗಿಯರೂ ಹೆಂಡತಿಯ ತಾಯಿಯೂ 'ಅತ್ತೆ'; ಗಂಡಸಿಗೆ ಮಗಳ ಗಂಡನೂ ಸೋದರಿಯ ಮಗನೂ 'ಅಳಿಯ'; ಮಗನ ಹೆಂಡತಿಯೂ ಸೋದರಿಯ ಮಗಳೂ 'ಸೊಸೆ'. ಇದು ಶಬ್ದದಾರಿದ್ರ್ಯವಲ್ಲ. ಸೋದರಮಾವನ ಮಕ್ಕಳೊಡನೆಯೂ ಸೋದರತ್ತೆಯ ಮಕ್ಕಳೊಡನೆಯೂ ಮದುವೆ ಸಲ್ಲುವುದೆಂಬ ವ್ಯವಸ್ಥೆಯಲ್ಲಿ ಮಾವನು ಮಾವನಾಗುವುದಕ್ಕೆ ಮೊದಲೇ ಮಾವನಾಗಿರುವನು. ಇನ್ನೊಂದು ಕಡೆ ತಂದೆಯ ಅಣ್ಣತಮ್ಮಂದಿರು ದೊಡ್ಡಪ್ಪ ಚಿಕ್ಕಪ್ಪಂದಿರು, ತಾಯಿಯ ಅಕ್ಕತಂಗಿಯರು ದೊಡ್ಡಮ್ಮ ಚಿಕ್ಕಮ್ಮಂದಿರು. ಅವರ ಮಕ್ಕಳು ಅಣ್ಣತಮ್ಮ ಅಕ್ಕತಂಗಿಯರಾದುದರಿಂದ ಅಲ್ಲಿ ಮದುವೆಯ ಮಾತೇ ಇಲ್ಲ. ಪದಗಳ ಈ ಜೋಡಣೆಯೊಳಗೆ ಒಂದು ಇಡೀ ಸಮಾಜದ ನಕ್ಷೆಯಿದೆ. ಅಮೆರಿಕದ ಲೂಯಿ ಮೋರ್ಗನ್ನನು ೧೮೭೧ರ ತನ್ನ ಮಹಾಗ್ರಂಥದಲ್ಲಿ ದಕ್ಷಿಣದೇಶದ ಭಾಷೆಗಳ ಈ ಕ್ರಮಕ್ಕೂ ಇರೊಕ್ವಾ ಎಂಬ ಅಮೆರಿಕದ ಮೂಲನಿವಾಸಿಗಳ ಕ್ರಮಕ್ಕೂ ಇರುವ ಹೋಲಿಕೆಯನ್ನು ಕಂಡು ಬೆರಗಾದನು. ಇಬ್ಬರಿಗೂ ಒಂದೇ ಮೂಲವಿರಬೇಕೆಂದು ಅವನು ಮಾಡಿದ ಊಹೆ ನಿಲ್ಲಲಿಲ್ಲ, ಆದರೆ ಅವನು ಎತ್ತಿದ ಪ್ರಶ್ನೆಯಿಂದ ಈ ಶಾಸ್ತ್ರದ ಒಂದು ಶಾಖೆಯೇ ಹುಟ್ಟಿತು. ೧೯೮೧ರಲ್ಲಿ ಥಾಮಸ್ ಟ್ರೌಟ್‌ಮನ್ನರು ದ್ರಾವಿಡ ಬಂಧುತ್ವವನ್ನು ಕುರಿತು ಬರೆದ ಗ್ರಂಥವು ಈ ವಿಷಯದಲ್ಲಿ ಇಂದಿಗೂ ಆಧಾರ. ನಮ್ಮಲ್ಲಿಯೇ ಭೇದಗಳಿವೆ: ಧಾರವಾಡದ ಕಡೆ ಚಿಕ್ಕಪ್ಪನು 'ಕಾಕಾ' ಆಗಿರುವನು, ಅಳಿಯಸಂತಾನದ ತುಳುನಾಡಿನಲ್ಲಿ 'ಅಳಿಯ'ನೆಂಬ ಪದಕ್ಕೆ ಆಸ್ತಿಯ ಭಾರವಿತ್ತು.

ಈ ನಕ್ಷೆಯನ್ನು ಹಿಡಿದುಕೊಂಡು ವಿಮಾನಪುರದ ವಸತಿಗಳಲ್ಲಿ ಕಿವಿಗೊಟ್ಟರೆ ಏನು ಕೇಳಿಸುವುದು? ಮಕ್ಕಳು ನೆರೆಮನೆಯ ಎಲ್ಲ ಹಿರಿಯರನ್ನೂ 'ಅಂಕಲ್' 'ಆಂಟಿ' ಎಂದು ಕರೆಯುವರು. ಹಳ್ಳಿಯಲ್ಲಿ ಬಂಧುವಲ್ಲದ ನೆರೆಯವನನ್ನೂ ಮಾವನೆಂದೋ ದೊಡ್ಡಪ್ಪನೆಂದೋ ಕರೆಯುವಾಗ, ಹಾಗೆ ಕರೆದವನು ಮದುವೆ ಸಲ್ಲುವ ಮನೆ ಯಾವುದು, ಸಲ್ಲದ ಮನೆ ಯಾವುದು ಎಂಬ ಗೆರೆಯನ್ನೂ ತಿಳಿಯದೆಯೇ ಎಳೆದಿರುತ್ತಾನೆ. ಕನ್ನಡ, ತಮಿಳು, ಮಲಯಾಳ, ತೆಲುಗು, ಉರ್ದು ಮನೆಗಳು ಒಂದೇ ಸಾಲಿನಲ್ಲಿರುವ ವಸತಿಯಲ್ಲಿ ಆ ಗೆರೆಯನ್ನೆಳೆಯುವ ಪದವು ತೊಡಕಿನದು. ಗೆರೆಯನ್ನೇ ಎಳೆಯದ ಪದವು ಅನುಕೂಲದ್ದು. ಆಂಗ್ಲಭಾಷೆಯ ವ್ಯಾಮೋಹವೆಂದು ನಾವು ಸಾಮಾನ್ಯವಾಗಿ ಗೊಣಗುವ ಈ ಬಳಕೆಗೆ ವ್ಯಾಮೋಹವಲ್ಲದ ಕಾರಣವೂ ಇರಬಹುದೆಂಬುದನ್ನು ಪರೀಕ್ಷಿಸಿ ನೋಡುವುದು ವಿದ್ಯಾರ್ಥಿಗೆ ಒಂದು ತಿಂಗಳ ಕೆಲಸ. ಅದೇ ಮಕ್ಕಳು ಮನೆಯೊಳಗೆ ನಿಜವಾದ ಸೋದರಮಾವನನ್ನು ಏನೆಂದು ಕರೆಯುವರು, ಹಬ್ಬಕ್ಕೆ ಊರಿಗೆ ಹೋದಾಗ ಯಾವ ಪದಗಳು ಮತ್ತೆ ಬಾಯಿಗೆ ಬರುವುವು ಎಂಬುದನ್ನೂ ಬರೆದುಕೊಳ್ಳಬೇಕು.

ಇಂಥ ಕೆಲಸದಲ್ಲಿ ಕೆಲವು ಕಟ್ಟುಪಾಡುಗಳು ಅವಶ್ಯ. ಏತಕ್ಕಾಗಿ ಕೇಳುತ್ತಿರುವೆನೆಂದು ಮೊದಲೇ ತಿಳಿಸಬೇಕು, ಒಲ್ಲೆನೆಂದವರನ್ನು ಒತ್ತಾಯಪಡಿಸಬಾರದು, ಬರೆವಣಿಗೆಯಲ್ಲಿ ವ್ಯಕ್ತಿಯ ಗುರುತನ್ನು ಮರೆಮಾಡಬೇಕು. ರಾಮಪುರ, ವಂಗಲ, ನಾಮಹಳ್ಳಿಗಳೆಲ್ಲವೂ ಹಾಗೆ ಇಟ್ಟ ಹೆಸರುಗಳೇ. ಜಾತಿಯನ್ನು ಮೊದಲ ಪ್ರಶ್ನೆಯಾಗಿ ಕೇಳಲೇಬಾರದು. ಕೇಳಿದರೆ ಬರುವುದು ಹಾಳೆಗಾಗಿ ಸಿದ್ಧಪಡಿಸಿದ ಉತ್ತರ. ಬಾಳಿನಲ್ಲಿ ಅದು ಯಾವಾಗ ತಾನಾಗಿ ಮೇಲಕ್ಕೆ ಬರುವುದು, ಯಾವಾಗ ಅಡಗುವುದು ಎಂಬುದೇ ತಿಳಿಯಬೇಕಾದ ಅಂಶ.

ಟಿಪ್ಪಣಿಗಳನ್ನು ಜನರು ಆಡಿದ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂಬುದು ಮಾಲಿನೋವ್‌ಸ್ಕಿಯ ಕಾಲದಿಂದ ಬಂದ ವಿಧಿ. ನಮ್ಮ ವಿದ್ಯಾರ್ಥಿಗಳು ಕನ್ನಡದಲ್ಲಿ ಕೇಳಿ ಆಂಗ್ಲದಲ್ಲಿ ಬರೆದುಕೊಳ್ಳುವರು, ಇಲ್ಲವೇ ಆಡುಮಾತನ್ನು ಗ್ರಾಂಥಿಕವಾಗಿ ತಿದ್ದುವರು, ಎರಡರಿಂದಲೂ ನಷ್ಟವುಂಟು. ಕಾರ್ಖಾನೆಯ ಮನೆಗಳಲ್ಲಿ 'ಡ್ಯೂಟಿ'ಯೆಂಬ ಪದವನ್ನು ತೆಗೆದುಕೊಳ್ಳಿ. ಯಜಮಾನರು ಎಲ್ಲಿ ಎಂದರೆ 'ಡ್ಯೂಟಿಗೆ ಹೋಗಿದಾರೆ' ಎಂಬ ಉತ್ತರ. ಅದನ್ನು 'ಕರ್ತವ್ಯ'ವೆಂದು ತಿದ್ದಿದರೆ ಹಾಸ್ಯಾಸ್ಪದ. 'ಕೆಲಸ'ವೆಂದು ತಿದ್ದಿದರೆ ಅರ್ಥಹಾನಿ. ಗದ್ದೆಯಲ್ಲಿ ಮಾಡುವುದು ಕೆಲಸ, ಅಡಿಗೆಮನೆಯಲ್ಲಿ ಮಾಡುವುದು ಕೆಲಸ, ಭಾನುವಾರ ಮನೆಗೆ ಸುಣ್ಣ ಬಳಿಯುವುದೂ ಕೆಲಸ. ಗಂಟೆಗೆ ಸರಿಯಾಗಿ ಆರಂಭವಾಗಿ, ಗಂಟೆಗೆ ಸರಿಯಾಗಿ ಮುಗಿದು, ತಿಂಗಳ ಕೊನೆಯಲ್ಲಿ ಸಂಬಳವನ್ನು ತರುವುದು ಮಾತ್ರ ಡ್ಯೂಟಿ. ಮನೆಯ ಹೆಣ್ಣುಮಗಳು ತಾನು ಹಗಲೆಲ್ಲ ದುಡಿದುದಕ್ಕೆ ಯಾವ ಪದವನ್ನು ಬಳಸುವಳು, ಅವಳ ಮಗಳು ಕಚೇರಿಗೆ ಹೋಗತೊಡಗಿದಾಗ ಯಾವುದನ್ನು ಬಳಸುವಳು ಎಂಬುದನ್ನು ಇಬ್ಬರ ಬಾಯಿಂದಲೂ ಕೇಳಿ ಬರೆದುಕೊಂಡು ಬರುವಂತೆ ವಿದ್ಯಾರ್ಥಿಗೆ ಹೇಳಬಹುದು.